ನಾಲ್ಕು ಕಡೆ ಬರೆದ ತೂಕ

ಹೇಳಿದ ಮಾತನ್ನು ಎರಡನೆಯ ಸಲ ಹೇಳಿಸಿಕೊಳ್ಳದವಳು. ತಾನು ಹೇಳಿದ್ದನ್ನು ಪರರು ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದೆ ಮತ್ತೆ ಹೇಳುವವಳು. ಬೆಳಗಿನ ವಿಭೂತಿ ಹಣೆಯ ಮೇಲಿರುವ ತನಕ ಸುಳ್ಳಾಡದವಳು, ಬೆವರಿಗೆ ಅದು ಅಳಿಸಿಹೋದ ಮೇಲೂ ಆಡದವಳು. ತನ್ನದಲ್ಲದ ತಪ್ಪನ್ನು ಹುಡುಕುತ್ತ ಅರ್ಧ ದಿನ ಸವೆಸಿ, ಸಿಕ್ಕಾಗ ಯಾರದೆಂದು ಜರೆಯದೆ ತಿದ್ದಿ ಸುಮ್ಮನಾಗುವವಳು. ಹಿರಿಯರೆದುರು ಸಿಟ್ಟನ್ನು ನುಂಗುವವಳು, ನುಂಗಿದ ಸಿಟ್ಟು ಹೊಟ್ಟೆಯೊಳಗೆ ಕರಗುವುದಿಲ್ಲವೆಂಬುದನ್ನೂ ಚೆನ್ನಾಗಿ ಬಲ್ಲವಳು. ಇಂಥವಳೊಬ್ಬಳು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ವಾಸವಾಗಿದ್ದಾಳೆ. ಹೆಸರು ತ್ರಿವೇಣಿ.

ಆಕೆಯ ಗಂಡ ವೀರೇಶ್. ಕಂಪ್ಲಿಯಲ್ಲಿ ಮನೆತನದ ಅಕ್ಕಿ ಗಿರಣಿಯಿದೆ. ನಸುಕಿನಲ್ಲಿ ಗಾಡಿ ಏರಿ ಹೋದರೆ ಸಂಜೆಗೆ ತಲೆಯ ತುಂಬ ತೌಡು ಹೊತ್ತು ಮರಳುತ್ತಾನೆ. ಅತ್ತೆ ಎರ್ರಮ್ಮ ಮಂಡಿನೋವಿನವರು. ನಡೆಯಲಾರರಾದರೂ ಮಾತಿನಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ತ್ರಿವೇಣಿ ದುಡಿಯುವುದು ಸಂಡೂರು ರಸ್ತೆಯಲ್ಲಿ, ಟಯರು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಕಂಪ್ಯೂಟರ್ ಆಫೀಸಿನಲ್ಲಿ. ಕೆಳಗೆ ಗಾಳಿ ತುಂಬುವ ಯಂತ್ರ ಚಾಲೂ ಆದಾಗಲೆಲ್ಲ ಮೇಲಿನ ಮೇಜುಗಳು ನಡುಗುತ್ತವೆ. ಆ ನಡುಕದ ನಡುವೆಯೇ ಆಕೆ ಜಾವಾ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾಳೆ.

ಆಫೀಸಿನ ಯಜಮಾನರು ಮರುಳಸಿದ್ದಪ್ಪನವರು. ಅರುವತ್ತು ದಾಟಿದವರು, ಮಿತಭಾಷಿಗಳು, ಸ್ನಾನ ಪೂಜೆಗಳಿಲ್ಲದೆ ಕೀಲಿಮಣೆ ಮುಟ್ಟದವರು. ಸಂಡೂರಿನ ಬೆಟ್ಟಗಳಿಂದ ಅದಿರು ಹೊರುವ ಲಾರಿಗಳ ಮಾಲೀಕರಿಗೆ ಒಂದು ಸಂಘವಿದೆ. ಬೆಟ್ಟದ ಬುಡದಲ್ಲಿ ಲಾರಿಯನ್ನು ಒಮ್ಮೆ ತೂಗುತ್ತಾರೆ, ಅದಿರನ್ನು ರೈಲಿಗೇರಿಸುವ ಹೊಸಪೇಟೆಯ ಸೈಡಿಂಗಿನಲ್ಲಿ ಇನ್ನೊಮ್ಮೆ ತೂಗುತ್ತಾರೆ. ಎರಡು ತೂಕಗಳನ್ನು ತಾಳೆ ನೋಡುವ ಪ್ರೋಗ್ರಾಮನ್ನು ಹಿಂದೆ ಮರುಳಸಿದ್ದಪ್ಪನವರು ಒಬ್ಬರೇ ಕುಳಿತು, ಅಕ್ಷರ ಅಕ್ಷರವನ್ನೂ ತಮ್ಮ ಕೈಯಿಂದಲೇ ಬರೆದಿದ್ದರು. ಬೇರೆ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಈ ಸಂಘವೊಂದೇ ಆಫೀಸಿನ ಬಾಗಿಲನ್ನು ತೆರೆದಿಟ್ಟಿತ್ತು.

ಇಲ್ಲಿ ಆ ಪ್ರೋಗ್ರಾಮಿನ ಕಟ್ಟಡವನ್ನು ತುಸು ಹೇಳಬೇಕು. ಅದು ಬೀನ್ ಎಂದು ಕರೆಯುವ ಘಟಕಗಳಿಂದ ಕಟ್ಟಿದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಬೀನು. ಆದರೆ ಹಳೆಯ ಪದ್ಧತಿಯ ಈ ಬೀನು ತಾನೊಂದೇ ನಿಲ್ಲಲಾರದು. ನಿಜವಾದ ಕೆಲಸ ಮಾಡುವ ಫೈಲು ಒಂದು. ಆ ಕೆಲಸವನ್ನು ಹೊರಗಿನವರು ಯಾವ ಹೆಸರಿನಿಂದ ಕರೆಯಬೇಕೆಂದು ಸಾರುವ ಫೈಲು ಇನ್ನೊಂದು. ಕರೆದವರಿಗೆ ಬೀನನ್ನು ಹುಟ್ಟಿಸಿ ಒಪ್ಪಿಸುವ ಫೈಲು ಮತ್ತೊಂದು. ಇವೆಲ್ಲ ಒಂದೇ ಕುಟುಂಬದವೆಂದು ಸರ್ವರ್ ಎಂಬ ಮುಖ್ಯ ಕಂಪ್ಯೂಟರಿಗೆ ಪರಿಚಯ ಹೇಳುವ ವಿವರಣೆಯ ಫೈಲು ಮಗುದೊಂದು. ಹೀಗೆ ಒಂದು ಮಾತನ್ನು ನಾಲ್ಕು ಕಡೆ ಬರೆಯಬೇಕು. ನಾಲ್ಕು ಕಡೆಯೂ ಅಕ್ಷರ ತಪ್ಪದೆ ಹೊಂದಬೇಕು. ಒಂದು ಕಡೆ ಒಂದು ಅಕ್ಷರ ಜಾರಿದರೂ ಬರೆಯುವಾಗ ಯಾರೂ ಎಚ್ಚರಿಸುವುದಿಲ್ಲ. ಎಲ್ಲ ಮುಗಿದು ಸರ್ವರಿಗೆ ಏರಿಸುವಾಗ ಅದು ಒಲ್ಲೆನೆನ್ನುತ್ತದೆ. ಯಾಕೆ ಒಲ್ಲೆನೆಂಬುದನ್ನೂ ನೆಟ್ಟಗೆ ಹೇಳುವುದಿಲ್ಲ. ಮನುಷ್ಯನ ಆಯುಷ್ಯವನ್ನು ಇದಕ್ಕಿಂತ ನಿಷ್ಕರುಣೆಯಿಂದ ತಿನ್ನುವ ವ್ಯವಸ್ಥೆಯನ್ನು ಕಲ್ಪಿಸುವುದು ಕಷ್ಟ.

"ದಿನಾ ಬೀನು ಬೀನು ಅಂತಿ. ಒಂದಿನನೂ ಪಲ್ಯಕ್ಕಾಗ್ಲಿಲ್ಲ" ಎಂದು ಎರ್ರಮ್ಮ ಸೊಸೆಯನ್ನು ಕೆಣಕುತ್ತಿದ್ದರು.

"ಅವು ಕುದಿಯಂಗಿಲ್ರಿ ಅತ್ತಿ. ನನ್ನ ತಲೀನ ಕುದಸ್ತಾವ" ಎಂದು ತ್ರಿವೇಣಿ ಚಪ್ಪಲಿ ಬಿಡುತ್ತಿದ್ದಳು.

ಇದರ ಮೇಲೆ ನಮ್ಮ ಸೀಮೆಗೇ ಮೀಸಲಾದ ತೊಡಕೊಂದಿತ್ತು. ಬೀನುಗಳಿಗೆ ಕನ್ನಡದ ಹೆಸರು, ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ. ಒಂದು ಸಲ ತೂಕದ ಬೀನಿನಲ್ಲಿ ಎರಡು ಫೈಲುಗಳನ್ನು ಯಜಮಾನರೂ ಎರಡನ್ನು ಆಕೆಯೂ ಬರೆದರು. ಸರ್ವರು ಒಪ್ಪಲಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಸಾಲು ಸಾಲು ಓದಿ ತ್ರಿವೇಣಿ ಕೊನೆಗೆ ಕುರ್ಚಿ ತಿರುಗಿಸಿದಳು.

"ಸರ, ತೂಕಕ್ಕ ಎಚ್ ಯಾಕ ಹಾಕೀರಿ?"

"ಹಾಕಲಾರದ ಹೆಂಗವ್ವ? ಬರೇ ಟಿ ಹಾಕಿದ್ರ ಅದು ಟೂಕ ಆಗ್ತೈತಿ. ತ ಅನ್ನಾಕ ಎಚ್ ಬೇಕ."

"ನಾನು ಎಚ್ ಇಲ್ಲದ ಬರದೀನ್ರಿ."

"ಅದಕ್ಕ ಬ್ಯಾಂಕಿನ್ಯಾಗ ನಿನ್ನ ಟ್ರಿವೇಣಿ ಅಂತ ಕೂಗ್ತಾರ" ಎಂದು ಅವರು ಕನ್ನಡಕದ ಮೇಲಿನಿಂದ ನೋಡಿದರು. "ತಿದ್ದಿಬಿಡು."

ಆಕೆ ತಿದ್ದಿದಳು. ಮುಂದಿನ ವಾರ ಊರಿನ ಹೆಸರಿನಲ್ಲಿ ಇದೇ ಆಯಿತು: ಸಂಡೂರಿನ ಕೊನೆಯಲ್ಲಿ ಆಕೆ ಯು ಬಿಟ್ಟಿದ್ದಳು, ಅವರು ಹಾಕಿದ್ದರು. ಅದನ್ನೂ ತಿದ್ದಿದಳು. ಬಿ.ಇ. ಓದಿದ ಬುದ್ಧಿಯೆಲ್ಲ ಎಚ್ ಮತ್ತು ಯು ಕಾಯುವುದರಲ್ಲಿ ತೀರಿಹೋಗುತ್ತಿತ್ತು.

ಹೀಗಿರಲು ಆಷಾಢದಲ್ಲಿ ಸಂಘದ ಕಾರ್ಯದರ್ಶಿ ಕೊಟ್ರಯ್ಯ ಮೆಟ್ಟಿಲೇರಿ ಬಂದ. ಸಂಘ ಹೊಸ ಕಟ್ಟಳೆ ಮಾಡಿತ್ತು. ಇನ್ನು ಮೇಲೆ ಲೋಡು ಮಾಡುವಲ್ಲಿ, ತಾಡಪಾಲು ಕಟ್ಟುವಲ್ಲಿ, ಗೇಟಿನಲ್ಲಿ, ಸೈಡಿಂಗಿನಲ್ಲಿ ಬೇರೆ ಬೇರೆ ಚೀಟಿ. ಪುಡಿ ಅದಿರಿಗೆ ಒಂದು ಬಗೆ, ಗಟ್ಟಿ ಅದಿರಿಗೆ ಇನ್ನೊಂದು ಬಗೆ. ಎಲ್ಲಕ್ಕೂ ಹೊಸ ಬೀನುಗಳು ಬೇಕು.

"ಶ್ರಾವಣ ಹುಟ್ಟೂದ್ರಾಗ ಆಗಬೇಕ್ರಿ ಯಜಮಾನ್ರ. ಆಗಲಿಲ್ಲಂದ್ರ ಬಳ್ಳಾರಿಯವ್ರಿಗೆ ಕೊಡೂಣಂತ ಮೀಟಿಂಗಿನ್ಯಾಗ ಮಾತಾಗೇತಿ. ನಾ ಹೇಳಾಕತ್ತಿಲ್ಲ ಮತ್ತ, ಮೀಟಿಂಗ್ ಹೇಳಾಕತ್ತೈತಿ."

ಕೊಟ್ರಯ್ಯ ಚಹ ಕುಡಿದು ಹೋದ. ಸಂಘ ಕೈಬಿಟ್ಟರೆ ಆಫೀಸಿನ ಬಾಗಿಲು ಮುಚ್ಚುವುದು ಇಬ್ಬರಿಗೂ ತಿಳಿದಿತ್ತು. ಮರುಳಸಿದ್ದಪ್ಪನವರು ಹೇಗೂ ವಿಶ್ರಾಂತಿಯ ವಯಸ್ಸಿನವರು. ತ್ರಿವೇಣಿಗೆ ಮಾತ್ರ ಈ ಊರಿನಲ್ಲಿ ಇಂಥ ಕೆಲಸ ಕೊಡುವ ಬೇರೆ ಬಾಗಿಲಿರಲಿಲ್ಲ. ಗಿರಣಿಯನ್ನೂ ಅತ್ತೆಯನ್ನೂ ಬಿಟ್ಟು ಹೊರಡುವ ಮನಸ್ಸಿರಲಿಲ್ಲ. ಕಲಿತ ವಿದ್ಯೆಯನ್ನು ಕಪಾಟಿನಲ್ಲಿಟ್ಟು ಕೂಡುವ ಮನಸ್ಸು ಅದಕ್ಕಿಂತಲೂ ಇರಲಿಲ್ಲ.

ಅಷ್ಟೊಂದು ಬೀನುಗಳನ್ನು ನಾಲ್ಕು ನಾಲ್ಕು ಸಲ ಬರೆದರೆ ಶ್ರಾವಣವಲ್ಲ, ಕಾರ್ತಿಕವೂ ಕಳೆಯುತ್ತದೆಂದು ಆಕೆ ಕಂಡುಕೊಂಡಳು. ಆದ್ದರಿಂದ ಒಂದು ಉಪಾಯ ಹೂಡಿದಳು. ಕೆಲಸ ಮಾಡುವ ಮೊದಲ ಫೈಲೊಂದನ್ನೇ ಮನುಷ್ಯರು ಬರೆಯತಕ್ಕದ್ದು. ಅದರ ತಲೆಯ ಮೇಲೆ, ಯಂತ್ರ ಓದದೆ ಬಿಡುವ ಟಿಪ್ಪಣಿಯ ಜಾಗದಲ್ಲಿ, ಕೆಲವು ಗುರುತುಗಳನ್ನಿಡತಕ್ಕದ್ದು: ಇದರ ಹೆಸರು ಇದು, ಹೊರಗಿನವರಿಗೆ ತೋರಿಸತಕ್ಕ ಕೆಲಸ ಇದು, ಸರ್ವರಿಗೆ ತಿಳಿಸತಕ್ಕ ವಿವರ ಇದು. ಆಕೆ ಬರೆದ ಚಿಕ್ಕ ಪ್ರೋಗ್ರಾಮೊಂದು ಆ ಗುರುತುಗಳನ್ನು ಓದಿ ಉಳಿದ ಮೂರು ಫೈಲುಗಳನ್ನು ತಾನೇ ಹುಟ್ಟಿಸುತ್ತಿತ್ತು. ಹೆಸರು ಒಂದೇ ಕಡೆ ಬರೆದದ್ದರಿಂದ ಎಚ್ ಇದ್ದರೆ ಎಲ್ಲೆಡೆ ಇರುತ್ತಿತ್ತು, ಇಲ್ಲದಿದ್ದರೆ ಎಲ್ಲೆಡೆ ಇಲ್ಲ. ಮೊದಲ ಸಲ ಗುಂಡಿ ಒತ್ತಿ, ಮೂರೂ ಫೈಲುಗಳು ಒಮ್ಮೆಗೇ ಮೂಡಿ, ಸರ್ವರು ತಕರಾರಿಲ್ಲದೆ ಒಪ್ಪಿದಾಗ ತ್ರಿವೇಣಿ ಒಬ್ಬಳೇ ನಕ್ಕಳು. ಆ ತಿಂಗಳಲ್ಲಿ ಆಕೆ ನಕ್ಕದ್ದು ಅಲ್ಲಿಗೇ ಕೊನೆ.

ಮರುಳಸಿದ್ದಪ್ಪನವರು ಹುಟ್ಟಿದ ಫೈಲುಗಳನ್ನು ಮೇಲಿನಿಂದ ಕೆಳಗೆ ಓದಿದರು.

"ಇದನ್ನ ಬರದವ್ರು ಯಾರು?"

"ಯಾರೂ ಇಲ್ರಿ ಸರ. ತಾನ ಹುಟ್ಟಿದ್ದು."

"ಯಾರೂ ಬರೀಲಾರದ್ದಕ್ಕ ಜವಾಬ್ದಾರಿ ಯಾರದವ್ವ?"

"ನಂದ್ರಿ."

"ನೀ ಬರದಿಲ್ಲಲ್ಲ ಮತ್ತ."

ಅವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಮರುದಿನ ಪೂಜೆ ಮುಗಿಸಿ ಬಂದು ಹುಟ್ಟಿದ ಫೈಲುಗಳನ್ನು ಒಂದೊಂದಾಗಿ ತೆರೆದರು. ಬರೆದದ್ದು ಯಾವುದೇ ಇರಲಿ, ಅದು ಇಷ್ಟದೈವದ ಹೆಸರಿನಿಂದ ಆರಂಭವಾಗಬೇಕೆಂಬುದು ಅವರ ವ್ರತ. ಹಳೆಯ ಕಂಪ್ಯೂಟರು ಕನ್ನಡ ಲಿಪಿಯನ್ನು ಚೌಕ ಚೌಕವಾಗಿ ತೋರಿಸುತ್ತದಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ 'ಶ್ರೀ ಮರುಳಸಿದ್ಧ ಪ್ರಸನ್ನ' ಎಂದು ಪ್ರತಿಯೊಂದರ ನೆತ್ತಿಯ ಮೇಲೂ ಕೈಯಾರೆ ಬರೆದರು. ಅದರ ಕೆಳಗೇ, ಇದು ತಾನಾಗಿ ಹುಟ್ಟಿದ ಫೈಲು, ಕೈಯಿಂದ ತಿದ್ದಬಾರದು ಎಂದು ತ್ರಿವೇಣಿಯ ಪ್ರೋಗ್ರಾಂ ಬರೆದ ಎಚ್ಚರಿಕೆಯಿತ್ತು. ದೇವರ ಹೆಸರು ಬರೆಯುವುದು ತಿದ್ದುವುದಲ್ಲವೆಂದು ಅವರು ಭಾವಿಸಿದ್ದರು.

ಮಧ್ಯಾಹ್ನ ತ್ರಿವೇಣಿ ಮತ್ತೊಂದು ಬೀನು ಸೇರಿಸಿ ಗುಂಡಿ ಒತ್ತಿದಳು. ಫೈಲುಗಳೆಲ್ಲ ಹೊಸದಾಗಿ ಹುಟ್ಟಿದವು. ದೇವರ ಹೆಸರು ಹೋಯಿತು.

"ಯವ್ವಾ, ನಾಮ ಅಳಸೀಯಲ್ಲ" ಎಂದರು ಯಜಮಾನರು. ಸಿಟ್ಟಿನಿಂದಲ್ಲ, ನೋವಿನಿಂದ.

"ನಾ ಅಳಸಿಲ್ರಿ ಸರ. ಅದು ಪ್ರತಿ ಸಲ ಮೊದಲಿಂದ ಹುಟ್ಟತೈತಿ. ಅದರಾಗ ಏನೂ ಬರೀಬ್ಯಾಡ್ರಿ."

"ಆಗ್ಲಿ" ಎಂದರು. ಮರುದಿನ ಮತ್ತೆ ಬರೆದರು. ಆಕೆ ಮತ್ತೆ ಹೇಳಿದಳು. ಅವರು ಮತ್ತೆ ಆಗಲಿ ಎಂದರು. ವಿನಯವಂತರ ಹಟವನ್ನು ಎದುರಿಸುವುದಕ್ಕೆ ಯಾವ ಶಾಸ್ತ್ರದಲ್ಲೂ ಉಪಾಯವಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ದೋಣಿಮಲೈ ಕಡೆಯ ಬೆಟ್ಟಗಳೆಲ್ಲ ಮೋಡದೊಳಗೆ ಹೋದವು. ನೆನೆದ ಅದಿರು ಬೆಟ್ಟದ ಬುಡದಲ್ಲಿ ಹೆಚ್ಚು ತೂಗುತ್ತದೆ. ದಾರಿಯುದ್ದಕ್ಕೂ ನೀರು ಸೋರಿ ಸೈಡಿಂಗಿಗೆ ಬರುವಾಗ ಕಡಿಮೆ ತೂಗುತ್ತದೆ. ಮಳೆಗಾಲದಲ್ಲಿ ಇಷ್ಟು ಪಾಲು ಹಸಿ ಕಳೆಯಬಹುದೆಂಬ ಅಂಕಿಯನ್ನು ಪ್ರೋಗ್ರಾಮಿಗೆ ಹೇಳದಿದ್ದರೆ ಅದು ಚಾಲಕನನ್ನು ಕಳ್ಳನೆಂದು ಬಗೆದು ಲಾರಿಯನ್ನು ತಡೆಯುತ್ತದೆ. ಹೊಸ ಬೀನುಗಳಲ್ಲಿ ಆ ಅಂಕಿ ಇರಲಿಲ್ಲ, ತ್ರಿವೇಣಿ ಮರೆತಿದ್ದಳು. ಮರುಳಸಿದ್ದಪ್ಪನವರು ಮರೆತಿರಲಿಲ್ಲ. ಹೊಸ ಬೀನುಗಳನ್ನು ಪರೀಕ್ಷೆಗೆಂದು ಕೆಲವು ಲಾರಿಗಳ ಮೇಲೆ ಬಿಟ್ಟ ದಿನ ಅವರು ಆ ಅಂಕಿಯನ್ನು ಸೇರಿಸಿದರು. ಸೇರಿಸಿದ್ದು ವಿವರಣೆಯ ಫೈಲಿನಲ್ಲಿ, ಎಂದರೆ ಹುಟ್ಟಿದ ಫೈಲಿನಲ್ಲಿ, ದೇವರ ಹೆಸರಿನ ಜೊತೆಗೆ. ಆಕೆಗೆ ಹೇಳಲಿಲ್ಲ, ಹೇಳಬೇಕಾದ ಸಂಗತಿ ಇದೆಯೆಂದು ಅವರಿಗೆ ತೋರಲಿಲ್ಲ. ಆ ದಿನ ಎಲ್ಲ ಸರಿಯಾಯಿತು. ಮರುದಿನ ಬೆಳಿಗ್ಗೆ ತ್ರಿವೇಣಿ ಗುಂಡಿ ಒತ್ತಿದಳು.

ಹತ್ತು ಗಂಟೆಯ ಹೊತ್ತಿಗೆ ಕೊಟ್ರಯ್ಯನ ಫೋನು ಬಂತು. ಹಿಂದೆ ಹಾರ್ನುಗಳ ಗದ್ದಲ.

"ಯಜಮಾನ್ರ, ಸೈಡಿಂಗಿನ್ಯಾಗ ಪರೀಕ್ಷಾಕ್ಕ ಬಿಟ್ಟ ಗಾಡಿ ಎಲ್ಲಾ ನಿಂದರ್ಸ್ಯಾರ. ಡ್ರೈವರ್ ಮಂದಿ ನನ್ನ ಸುತ್ತ ನಿಂತಾರ. ಒಬ್ಬಂವ ಕೇಳ್ತಾನ, ಸೋರಿದ ನೀರ ನಾನ ಕುಡದೀನಿ ಅಂತ ಕೇಸ್ ಹಾಕ್ತೀರೇನಂತ. ನಿನ್ನೆ ಹೋದ ಗಾಡಿ ಇವತ್ತ ಯಾಕ ಹೋಗಂಗಿಲ್ಲ?"

ತ್ರಿವೇಣಿ ವಿವರಣೆಯ ಫೈಲನ್ನೂ ಹಿಂದಿನ ದಿನದ ನಕಲನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲ ತಿಳಿಯಿತು. ನುಂಗುತ್ತ ಬಂದ ಸಿಟ್ಟು ಮಾತಾಗಿ ಹೊರಬಿತ್ತು.

"ಸರ, ಇದನ್ನ ಇಲ್ಲಿ ಬರದ್ರ ಉಳಿಯಂಗಿಲ್ಲ ಅಂತ ಎಷ್ಟ ಸಲ ಹೇಳೀನ್ರಿ?"

"ಉಳೀಲಾರದ ಜಾಗಾದಾಗ ಯಾಕ ಬರೀಬೇಕವ್ವ ಹಂಗಾರ? ನಾ ಬರದದ್ದು ಈಟು ವರ್ಷ ಉಳದೈತಿ. ಹಸಿ ಕಳಿಯೂದು ನೀ ಮರತಿ. ನಾ ಬರದೆ. ನಿನ್ನ ಯಂತ್ರ ಅಳಸ್ತು. ತಪ್ಪು ಯಾರದು?"

ಮೂರೂ ಮಾತು ನಿಜವಾಗಿತ್ತು. ಆದ್ದರಿಂದಲೇ ಅಸಹನೀಯವಾಗಿತ್ತು. ಆಕೆ ಅಂಕಿಯನ್ನು ಮೊದಲ ಫೈಲಿನ ಗುರುತಿನಲ್ಲಿ ಬರೆದು, ಮತ್ತೆ ಹುಟ್ಟಿಸಿ, ಲಾರಿಗಳನ್ನು ಬಿಡಿಸಿದಳು. ಕೊಟ್ರಯ್ಯ ಸಂಜೆ ತಾನೇ ಬಂದು ಹೇಳಿಹೋದ: ಶ್ರಾವಣದ ತನಕ ನೋಡುತ್ತಾರೆ, ಅಷ್ಟರಲ್ಲಿ ಇನ್ನೊಮ್ಮೆ ಗಾಡಿ ನಿಂತರೆ ಬಳ್ಳಾರಿಯವರೇ. ಅವನು ಇಳಿದು ಹೋದ ಮೇಲೆ ಮರುಳಸಿದ್ದಪ್ಪನವರು ತೀರ್ಪಿತ್ತರು. "ಆ ಯಂತ್ರ ಸಾಕವ್ವ. ಸೋಮವಾರದಿಂದ ಕೈಲೆ ಬರಿಯೂಣು."

ಕೈಯಿಂದ ಬರೆದರೆ ಶ್ರಾವಣಕ್ಕೆ ಮುಗಿಯುವುದಿಲ್ಲ. ಮುಗಿಯದಿದ್ದರೆ ಆಫೀಸು ಉಳಿಯುವುದಿಲ್ಲ.

ಭಾನುವಾರ ವೀರೇಶ್ ಗಿರಣಿಯಿಂದ ಒಂದು ತಗಡು ತಂದಿದ್ದ. ಅಕ್ಕಿಚೀಲದ ಮೇಲೆ ಹೆಸರೊತ್ತುವ ಅಚ್ಚು ಅದು; ಅಕ್ಷರಗಳನ್ನು ಕೊರೆದ ತಗಡನ್ನು ಚೀಲದ ಮೇಲಿಟ್ಟು ಬಣ್ಣ ಹಚ್ಚುತ್ತಾರೆ. ಅದರಲ್ಲಿ ಒಂದು ಅಕ್ಷರದ ಕೊಂಬು ಮುರಿದಿತ್ತು, ಹೊಸಪೇಟೆಯಲ್ಲಿ ಸರಿಮಾಡಿಸಬೇಕಿತ್ತು. ಹೆಂಡತಿಯ ಸಂಕಟ ಕೇಳಿ ಅವನೆಂದ: "ಇದನ್ನ ತೋರ್ಸು ಅವ್ರಿಗೆ. ಅಕ್ಷರ ತಪ್ಪಿದ್ರ ತಗಡು ತಿದ್ದತೀವಿ, ಚೀಲ ತಿದ್ದಿಕೋತ ಕುಂದರ್ತೀವೇನು?"

"ಹಿರೀ ಮನಷ್ಯಾಗ ತಗಡ ತೋರಸಾಕ ಹೊಂಟಾನ ನೋಡು" ಎಂದರು ಎರ್ರಮ್ಮ. ಆದರೂ ಸೊಸೆಯ ಕೈಚೀಲದಲ್ಲಿ ಅದನ್ನು ಅವರೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟರು.

ಸೋಮವಾರ ತ್ರಿವೇಣಿ ತಗಡನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದಳು. ಮರುಳಸಿದ್ದಪ್ಪನವರು ತಗಡನ್ನು ಬೆಳಕಿಗೆ ಹಿಡಿದು ನೋಡಿದರು.

"ಕೆಲಸ ಭಾಳ ಚಲೋ ಐತಿ. ಆದ್ರ ಅಕ್ಕಿ ಬ್ಯಾರೆ, ಇದು ಬ್ಯಾರೆ" ಎಂದು ಮರಳಿ ಕೊಟ್ಟರು.

ಆಗ ಆಕೆ ಕೊನೆಯ ಪ್ರಯತ್ನವೆಂದು, ಹುಟ್ಟುವ ಪ್ರತಿ ಫೈಲಿನ ನೆತ್ತಿಯಲ್ಲಿಯೂ ದೇವರ ಹೆಸರನ್ನು ತನ್ನ ಪ್ರೋಗ್ರಾಮೇ ಬರೆಯುವಂತೆ ಮಾಡಿಕೊಡುವೆನೆಂದಳು. ಅವರ ಮುಖ ಇನ್ನಷ್ಟು ಗಂಭೀರವಾಯಿತು.

"ನೀ ಬರಸಿದ್ದು ನನ್ನ ಪೂಜಿ ಹೆಂಗಾಗ್ತೈತಿ ತಂಗಿ? ನನ್ನ ಕೈಲೆ ಬರೀಬೇಕು."

ಕೆಳಗೆ ಗಾಳಿಯಂತ್ರ ಚಾಲೂ ಆಗಿ ಮೇಜು ನಡುಗಿತು. ತ್ರಿವೇಣಿ ಎದ್ದು, ತನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, ಮನುಷ್ಯರು ಬರೆಯತಕ್ಕ ಆ ಮೊದಲ ಫೈಲನ್ನು ತೆರೆದಳು. ಗುರುತುಗಳ ಜಾಗಕ್ಕೂ ಮೇಲೆ ಒಂದು ಸಾಲು ಖಾಲಿ ಮಾಡಿ, ಆ ಸಾಲನ್ನು ಎಲ್ಲ ಬೀನುಗಳ ಫೈಲುಗಳಿಗೂ ಒಯ್ಯುವಂತೆ ತನ್ನ ಪ್ರೋಗ್ರಾಮಿಗೆ ಒಂದು ಮಾತು ಸೇರಿಸಿದಳು.

"ಇಲ್ಲಿ ನಿಮ್ಮ ಕೈಲೆ ಬರೀರಿ ಸರ. ಇದನ್ನ ಯಂತ್ರ ಮುಟ್ಟಂಗಿಲ್ಲ, ಬರೇ ಓದತೈತಿ. ನೀವು ಬರದದ್ದನ್ನ ಎಲ್ಲಾ ಕಡೆ ಒಯ್ಯತೈತಿ."

ಅವರು ಕುಳಿತರು. ಒಂದು ಕ್ಷಣ ಕಣ್ಣು ಮುಚ್ಚಿ, ಒಂದೊಂದೇ ಅಕ್ಷರವನ್ನು ಒತ್ತಿದರು. ಆಕೆ ಗುಂಡಿ ಒತ್ತಿದಳು. ಫೈಲುಗಳು ಹುಟ್ಟಿದವು. ಅವರು ಮೊದಲನೆಯದನ್ನು ತೆರೆದರು. ನೆತ್ತಿಯ ಮೇಲೆ ಹೆಸರಿತ್ತು. ಎರಡನೆಯದನ್ನು ತೆರೆದರು, ಇತ್ತು. ಹಾಗೆಯೇ ತೆರೆಯುತ್ತ ಹೋದವರು ನಡುವೆ ತಟ್ಟನೆ ನಿಂತು ಕನ್ನಡಕ ಒರೆಸಿದರು.

"ಅಯ್ಯ. ಪ್ರಸನ ಅಂತ ಬಿದ್ದೈತಿ. ಒಂದು ಎನ್ ಬಿಟ್ಟೀನಿ."

"ಹೂನ್ರಿ."

"ಎಲ್ಲಾದ್ರಾಗೂ ಬಿದ್ದೈತೇನು?"

"ಎಲ್ಲಾದ್ರಾಗೂ ಬಿದ್ದೈತ್ರಿ ಸರ."

ಅವರ ಕೈ ಆ ಫೈಲಿನಲ್ಲೇ ತಿದ್ದಲು ಹೊರಟಿತ್ತು; ಅಲ್ಲೇ ನಿಂತಿತು. ಇಷ್ಟು ಫೈಲುಗಳಲ್ಲಿ ದೇವರ ಹೆಸರಿಗೆ ಕುಂದು ತಂದೆನಲ್ಲಾ ಎಂಬ ಕಳವಳ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. ತ್ರಿವೇಣಿ ಮೊದಲ ಫೈಲನ್ನು ಮತ್ತೆ ಅವರ ಮುಂದೆ ತಂದಳು. ಅವರು ಒಂದು ಅಕ್ಷರ ಸೇರಿಸಿದರು. ಈ ಸಲ ಗುಂಡಿಯನ್ನೂ ಅವರೇ ಒತ್ತಿದರು. ಮತ್ತೆ ಎಲ್ಲವನ್ನೂ ತೆರೆದು ನೋಡಿದರು, ಎಲ್ಲದರಲ್ಲೂ ಪ್ರಸನ್ನವಾಗಿತ್ತು.

"ಹಸಿ ಅಂಕಿನೂ ಇದರಾಗ ಬರದೀಯೇನು?"

"ಅವತ್ತ ಬರದೀನ್ರಿ. ಕೆಳಗ ಐತಿ ನೋಡ್ರಿ."

ನೋಡಿದರು. "ಇದನ್ನ ಮೊದಲ ಹೇಳಬಾರದೇನವ್ವ ನೀ" ಎಂದರು.

ಆಕೆ ಕಿಟಕಿಯ ಕಡೆಗೆ ತಿರುಗಿಕೊಂಡಳು.

ಶ್ರಾವಣ ಹುಟ್ಟಿದ ದಿನ ಬೀನುಗಳೆಲ್ಲ ಸರ್ವರು ಏರಿದವು. ಮಳೆ ಬಿಡದೆ ಸುರಿಯುತ್ತಿದ್ದರೂ ಸೈಡಿಂಗಿನಲ್ಲಿ ಲಾರಿ ನಿಲ್ಲಲಿಲ್ಲ. ಸಂಘ ಕೆಲಸವನ್ನು ಇಲ್ಲಿಯೇ ಉಳಿಸಿತು. ಕೊಟ್ರಯ್ಯ ಪೇಡೆ ತಂದಾಗ ಮರುಳಸಿದ್ದಪ್ಪನವರು "ನಾವು ಕೈಲೆ ಬರದದ್ದು ಬೀನಿಗೆ ಒಂದ ಫೈಲು, ಉಳದದ್ದು ಅದರ ಪ್ರಸಾದ" ಎಂದು ವಿವರಿಸಿದರು. ಬರೆದವಳ ಹೆಸರು ಆ ವಿವರಣೆಯಲ್ಲಿ ಬರಲಿಲ್ಲ. ಆತ ಹೋದ ಮೇಲೆ, ಹುಟ್ಟಿದ ಫೈಲುಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿ ಕೊಡಬೇಕೆಂದು ಅಪ್ಪಣೆಯಾಯಿತು. ಯಾರೂ ಬರೆಯದಿದ್ದರೂ ಒಬ್ಬರಾದರೂ ಓದಬೇಕಂತೆ. ಪ್ರಿಂಟರಿಗೆ ಹಾಳೆ ತುಂಬುತ್ತ ತ್ರಿವೇಣಿ ಒಂದು ಸಂಜೆಯನ್ನೇ ಕಳೆದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ ಎರ್ರಮ್ಮ ಒಳಗಿನಿಂದ ಕೇಳಿದರು.

"ಕುದ್ವೇನವ್ವ ಬೀನು?"

"ಕುದ್ದಾವ್ರಿ ಅತ್ತಿ. ಯಜಮಾನ್ರು ಉಪ್ಪು ನೋಡಾಕತ್ಯಾರ."

ಹೀಗೆ ಬಾಳುತ್ತಿರುವ ಈ ಸಹನಶೀಲೆಯ ಮೇಲೆ ತುಂಗಭದ್ರೆಯ ತಡಿಯ ವಿರೂಪಾಕ್ಷನ ಕಣ್ಣು ತಂಪಾಗಿರಲಿ. ಆಕೆ ಒಮ್ಮೆ ಬರೆದದ್ದು ಒಮ್ಮೆಗೇ ನಿಲ್ಲಲಿ; ಒಮ್ಮೆ ಆಡಿದ್ದು ಒಮ್ಮೆಗೇ ಕೇಳಿಸಲಿ. ಎರ್ರಮ್ಮನವರ ಮಂಡಿ ಸಡಿಲವಾಗಿ ನಾಲಗೆ ಈಗಿರುವಂತೆಯೇ ಹರಿತವಾಗಿರಲಿ. ವೀರೇಶನ ಗಿರಣಿಯಲ್ಲಿ ಅಕ್ಕಿ ನುಚ್ಚಾಗದಿರಲಿ, ತಗಡಿನ ಕೊಂಬು ಮತ್ತೆ ಮುರಿಯದಿರಲಿ. ಚಿತ್ತವಾಡ್ಗಿಯ ಆ ಮನೆಯ ಹೊಸ್ತಿಲಿನೊಳಗೆ ಇರುವವರಿಗೂ ಮುಂದೆ ಹುಟ್ಟಿಬರುವವರಿಗೂ ಶಿವನು ಪ್ರಸನ್ನನಾಗಿರಲಿ, ಒಂದಕ್ಷರವೂ ಕುಂದದೆ.